ಅಜ್ಜಿ ಗೇಟಿಗೆ ಬರಲಾರಳು

ಬೇಲಿಯೊಳಗಿನ ಪಾಸು ವಿಭಾಗದ ಮಾನ್ಯ ಅಧಿಕಾರಿಗಳೇ,

ನಿಮ್ಮದೇ ಘೋಷಣೆಗಳ ಧಾಟಿಯಲ್ಲಿ ಗುವಾಮ್ ದ್ವೀಪದ ಸಮಸ್ತ ಜನತೆಗೆ ಈ ಮೂಲಕ ಘೋಷಿಸುವುದೇನೆಂದರೆ, ನಮ್ಮ ಮನೆಯ ಅರ್ಜಿಯೊಂದು ಮೂರನೆಯ ಬಾರಿ ತಿರಸ್ಕೃತವಾಗಿದೆ. ಎಂಟನೇ ಕಾಲಂ ತಪ್ಪಂತೆ.

ತಪ್ಪು ನನ್ನ ದೊಡ್ಡಮ್ಮ ಎಂಗ್ರಾಸಿಯಾ ಅವರದು. ವಯಸ್ಸು ಎಂಬತ್ತೆಂಟು. ಮೃತರ ಹಬ್ಬದ ದಿನ ತಾಯಿಯ ಗೋರಿಯ ಮೇಲೆ ಮೇಣದಬತ್ತಿ ಹಚ್ಚಬೇಕೆಂಬುದು ಅವರ ಆಸೆ. ಮಂಡಿಗಳ ಸ್ಥಿತಿ ನೋಡಿದರೆ ಮುಂದಿನ ವರ್ಷದ ಭರವಸೆಯಿಲ್ಲ. ಗೋರಿ ಇರುವುದು ನಮ್ಮ ಹೊಲದ ದೀವಿಹಲಸಿನ ಮರದಡಿ. ಹೊಲ ಇರುವುದು, ಎರಡನೇ ಮಹಾಯುದ್ಧ ಮುಗಿದಂದಿನಿಂದ, ನಿಮ್ಮ ಅಮೆರಿಕದ ಸೇನಾನೆಲೆಯೊಳಗೆ. ಎಂಟನೇ ಕಾಲಂನಲ್ಲಿ, 'ಒಳಬರಲು ಅನುಮತಿ ಕೊಟ್ಟವರು' ಎಂಬಲ್ಲಿ, ದೊಡ್ಡಮ್ಮ ತಮ್ಮ ತಾಯಿಯ ಹೆಸರು ಬರೆದರು. ಈ ದ್ವೀಪದ ಮೂಲನಿವಾಸಿಗಳಾದ ನಾವು ಚಮೊರೊಗಳು ಕಾಡಿಗೆ ಕಾಲಿಡುವ ಮುನ್ನ ಅಲ್ಲಿರುವ ಹಿರಿಯರನ್ನು ಕೇಳಿಯೇ ಕಾಲಿಡುವುದು. ದೊಡ್ಡಮ್ಮನೂ ನಿಮ್ಮ ಬೇಲಿಯ ಬಳಿ ನಿಂತು ಕೇಳಿ ಬಂದಿದ್ದರು.

"ಕೇಳ್ದೆ ಕಣೋ. ಅಮ್ಮ ಬೇಡ ಅನ್ನಲಿಲ್ಲ," ಎಂದರು.

ನಿಮ್ಮ ಉತ್ತರ ಬಂತು: ಅನುಮತಿ ಕೊಟ್ಟವರು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಗೇಟಿಗೆ ಬಂದು ಅತಿಥಿಯನ್ನು ಕರೆದೊಯ್ಯತಕ್ಕದ್ದು. ಮಾನ್ಯರೇ, ದೊಡ್ಡಮ್ಮನ ತಾಯಿ, ಅಂದರೆ ನಮ್ಮಜ್ಜಿ, ತೀರಿಕೊಂಡದ್ದು 1943ರಲ್ಲಿ. ಆಕೆ ನಿಜಕ್ಕೂ ಬಂದುಬಿಟ್ಟರೆ ನಿಮ್ಮ ಕಾವಲಿನವರು ಗೇಟಿನಲ್ಲಿ ನಿಲ್ಲುತ್ತಾರೆಯೇ?

ಆ ಕಾಗದ ಓದಿದಾಗ ನಾವು ಊಟಕ್ಕೆ ಕೂತಿದ್ದೆವು. ನನ್ನ ಮಗಳು ತಾಸಿ ಸಿಡಿದಳು: "ಇನ್ನೂ ಹೊಗಳು ಅಜ್ಜಿ, ನಿನ್ನ ಅಮೆರಿಕದವರನ್ನ!"

"ಹೊಗಳ್ತೀನಿ. ಜಪಾನಿನವರ ಕೈಲಿ ಸಾಯ್ತಿದ್ದೋಳನ್ನ ಉಳಿಸಿದ್ದು ನಿನ್ನ ಭಾಷಣ ಅಲ್ಲ. ಆ ಸಿಪಾಯಿ ನನ್ನ ಕೈಗೆ ಚಾಕಲೇಟು ಕೊಟ್ಟ."

"ಚಾಕಲೇಟು ಕೊಟ್ಟ, ಹೊಲ ತಗೊಂಡ. ಎಂಥಾ ದುಬಾರಿ ಅಂಗಡಿ ಅಜ್ಜಿ ಅದು!"

"ರುಚಿಯಾಗಿತ್ತು ಕಣೇ," ಎಂದರು ದೊಡ್ಡಮ್ಮ.

ಇಬ್ಬರೂ ನನ್ನತ್ತ ನೋಡಿದರು. ನಾನು ಇನ್ನಷ್ಟು ಕೆಂಪು ಅನ್ನ ಬಡಿಸಿಕೊಂಡೆ. ಮಗಳು ನಿಮ್ಮನ್ನು ಸಾಮ್ರಾಜ್ಯಶಾಹಿ ಎನ್ನುತ್ತಾಳೆ, ದೊಡ್ಡಮ್ಮ ರಕ್ಷಕರು ಎನ್ನುತ್ತಾರೆ. ನನಗೆ ಯಾವ ಪದವೂ ನಾಲಿಗೆಗೆ ಬರುವುದಿಲ್ಲ. ಇಪ್ಪತ್ತು ವರ್ಷ ನಿಮ್ಮ ಸಮವಸ್ತ್ರ ತೊಟ್ಟು, ಯಾರ್ಯಾರದೋ ದೇಶದಲ್ಲಿ ನಿಮ್ಮ ಗೇಟು ಕಾಯುತ್ತ, ಅಲ್ಲಿನ ಮುದುಕಿಯರನ್ನು "ಯಾರನ್ನು ನೋಡಬೇಕು?" ಎಂದು ತಡೆದವನು ನಾನು. ಅವರೇನು ಹೇಳಿದರೋ ತಿಳಿಯಲಿಲ್ಲ. ಭಾಷೆ ಬರುತ್ತಿರಲಿಲ್ಲ.

ಬೇಡಿಕೆ ಇಷ್ಟೇ: ಸತ್ತವರೂ ಅನುಮತಿ ಕೊಡಬಹುದೆಂದು ನಿಯಮ ತಿದ್ದಿ. ತಿದ್ದಲು ದೂರದ ರಾಜಧಾನಿಯನ್ನು ಕೇಳಬೇಕು, ಹಬ್ಬವೋ ನಾಡಿದ್ದು. ಅದು ನನಗೂ ಗೊತ್ತು. ಆದ್ದರಿಂದ ಸದ್ಯಕ್ಕೊಂದು ಉಪಕಾರ ಮಾಡಿ. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುವವರಿಗೆ ಹೇಳಿ: ಮರದಡಿಯ ಬಿಳಿ ಶಿಲುಬೆಯ ಸುತ್ತಲಿನ ಹುಲ್ಲನ್ನು ಮಾತ್ರ ಕೈಯಿಂದ ಕೀಳಲಿ. ಐದು ವರ್ಷದ ಹಿಂದೆ ನಮ್ಮನ್ನು ಒಮ್ಮೆ ಒಳಬಿಟ್ಟಾಗ ನೋಡಿದ್ದೆವು, ಯಂತ್ರ ತಗುಲಿ ಶಿಲುಬೆಯ ಒಂದು ತೋಳು ಮುರಿದಿತ್ತು.

ಇಂತಿ,
ನಿಮ್ಮ ಅಧ್ಯಕ್ಷರಿಗಾಗಿ ಯುದ್ಧ ಮಾಡಿದ, ಗುವಾಮ್ ನಿವಾಸಿಯಾದ್ದರಿಂದ ಅವರನ್ನು ಆರಿಸಲು ಮತವಿಲ್ಲದ ಪ್ರಜೆ
ಗ್ರೆಗೋರಿಯೊ ಮೆಸ್ನಗೊನ್