ವರ್ಷದ ಪ್ರಾರ್ಥನೆ

ಮಲ್ಕಾಜ್‌ಗಿರಿ
ಶುಕ್ರವಾರ

ಪಾಸ್ಟರ್ ಅಯ್ಯನವರಿಗೆ ಎಸ್ತೇರಮ್ಮನ ವಂದನೆ.

ನನ್ನ ಮಗ ಪ್ರಭುದಾಸ ಲಾರಿ ಕೆಳಗ ಸಿಕ್ಕು ತೀರಿಕೊಂಡು ಈ ಐತವಾರಕ್ಕ ವರ್ಷ ಆಗತೈತಿ. ಡ್ರೈವರನ್ನ ಕ್ಷಮಿಸೀನಿ ಅಂತ ಅವತ್ತು ಚರ್ಚಿನ್ಯಾಗ ವರ್ಷದ ಪ್ರಾರ್ಥನಾದಾಗ ಎಲ್ಲಾರ ಮುಂದ ಸಾಕ್ಷಿ ಹೇಳು ಅಂದ್ರಿ. ನಾ ಹೇಳಂಗಿಲ್ರಿ. ಇನ್ನೂ ಕ್ಷಮಿಸಿಲ್ಲ. ಯೇಸುಸ್ವಾಮಿ ಮುಂದ ನಿಂತು ಸುಳ್ಳು ಹೆಂಗ ಹೇಳಲಿ?

ಶಿಕ್ಷಾ ಆಗಿ ಅಂವ ಜೇಲಿನ್ಯಾಗ ಅದಾನ. ಅವನ ಹೆಂಡತಿ ಗುರುದೇವಿ ಕುಷಾಯಿಗೂಡದಾಗ ಬಾಣಂತಿ, ನೋಡಾಕ ಯಾರೂ ಇಲ್ಲ. ದಿನಾ ನಾನ ಬುತ್ತಿ ಒಯ್ಯಾಕತ್ತೀನಿ. ಹಸಿದವರಿಗೆ ಉಣ್ಣಾಕ ಕೊಡ್ರಿ ಅಂದಾನಲ್ಲ ಸ್ವಾಮಿ, ನನ್ನ ಕೈಲೆ ಅಷ್ಟ ಆಗತೈತಿ. ನಾ ಯಾರಂತ ಅಕಿಗೆ ಗೊತ್ತಿಲ್ಲ. ಚರ್ಚಿನಾಕಿ ಅಂತ ಹೇಳೀನಿ. ಗೊತ್ತಾದ್ರ ಅಕಿ ಗಂಟಲದಾಗ ತುತ್ತು ಇಳಿಯಂಗಿಲ್ರಿ.

ಬುತ್ತಿ ಕಳಿಸಿದ ಚರ್ಚಿಗೆ ಕೂಸಿನ್ನ ತಂದು ಕೈ ಮುಗೀತೀನಿ ಅಂದಾಳ. ಈ ಐತವಾರನ ಬರ್ತಾಳ.

ಅದಕ್ಕ ವರ್ಷದ ಪ್ರಾರ್ಥನಾ ಮಾಡಬ್ಯಾಡ್ರಿ. ನನ್ನ ಮಗನ ಹೆಸರು ಅಲ್ಲಿ ಯಾರೂ ಹೇಳೂದು ಬ್ಯಾಡ. ಮನ್ಯಾಗ ನಾ ಒಬ್ಬಾಕಿನ ಅವನ ಹೆಸರು ಹಿಡಿದು ಕರೀತೀನ್ರಿ.

ಇಂತಿ,
ಪ್ರಭುದಾಸನ ಅವ್ವ