ನಾನು ಕಿತ್ತ ಎರಡನೇ ಗೇರು

ಪುಟ್ಟರಾಜು ಭಾವನಿಗೆ,

ನಿಮ್ಮ ಹೆಂಡತಿಯ ತಮ್ಮ ಮಾದೇವ ಬರೆಯುತ್ತಿದ್ದೇನೆ. ಮೊದಲು ‘ನಮಸ್ಕಾರ’ ಅಂತ ಬರೆದು, ಆಮೇಲೆ ಗೀಚಿ ಹಾಕಿದೆ. ಯಾವ ಮುಖ ಇಟ್ಟುಕೊಂಡು ನಮಸ್ಕಾರ ಹೇಳಲಿ? ನಿಮ್ಮ ದವಡೆ ಮುರಿದ ಕೈ ಇದು. ಈಗ ನನ್ನ ತುಟಿ ಊದಿದೆ, ಎಡಗಣ್ಣು ಅರ್ಧ ಮುಚ್ಚಿದೆ. ಆದರೂ ಇವತ್ತೇ ಬರೆಯಬೇಕು. ನಿಮ್ಮ ತಿಥಿಯ ದಿನ ಆದದ್ದನ್ನೂ ನೆನ್ನೆ ಪಿರಿಯಾಪಟ್ಟಣದ ಲಾರಿ ಸ್ಟ್ಯಾಂಡಿನಲ್ಲಿ ಆದದ್ದನ್ನೂ ನಿಮಗೆ ಹೇಳದೆ ನನಗೆ ಅನ್ನ ಇಳಿಯುವುದಿಲ್ಲ.

ಅಪ್ಪ ಆ ವ್ಯಾನನ್ನು ಹರಾಜಿನಲ್ಲಿ ಹಿಡಿದು ತಂದ ದಿನ ನೆನಪಿದೆಯಾ? ಹಳೆಯ ಪೆಟ್ರೋಲ್ ಗಾಡಿ. ಹಾರನಹಳ್ಳಿಯಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ನಮ್ಮ ಬ್ಯಾರನ್ ಪಕ್ಕ ನಿಲ್ಲಿಸಿ, ಬಡಗಿಯನ್ನು ಕರೆಸಿ, ಒಳಗೆ ಮಲಗಲು ನಾಲ್ಕು ಹಲಗೆ, ಗ್ಯಾಸ್ ಒಲೆಗೆ ಒಂದು ಕಟ್ಟೆ, ಮೇಲೆ ನೀರಿನ ಟ್ಯಾಂಕು ಎಲ್ಲ ಮಾಡಿಸಿದರು. “ಇನ್ಮೇಲೆ ಯಾವ ಛತ್ರದವರ ಹಂಗೂ ಬೇಡ, ಮನೇನೇ ನಮ್ಜೊತೆ ಬತ್ತದೆ ಕಣ್ರೀ” ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ನೀವು ಮಾತ್ರ ಗಾಡಿಗೆ ಒಂದು ಸುತ್ತು ಬಂದು, ಟೈರಿಗೆ ಒದ್ದು ನೋಡಿ, “ಮಾವ, ತೂಕ ಸಿಕ್ಕಾಪಟ್ಟೆ ಆಗೋಯ್ತು. ಈ ಬ್ರೇಕು ಇಷ್ಟು ಭಾರಕ್ಕೆ ಮಾಡಿದ್ದಲ್ಲ” ಅಂದಿರಿ. ಅಪ್ಪನ ಮುಖ ಗಂಟಾಯಿತು. ಹಂಪಾಪುರದಿಂದ ಬಂದ ಲಾರಿ ಡ್ರೈವರ್ ಅಳಿಯ ತನಗೆ ಬುದ್ಧಿ ಹೇಳುವುದಾ?

ನನಗೆ ಓಡಿಸಲು ಕಲಿಸಿದವರೂ ನೀವೇ, ಹೊಡೆದೇ ಕಲಿಸಿದಿರಿ. ಕೊಪ್ಪದ ಹತ್ತಿರದ ಇಳಿಜಾರಿನಲ್ಲಿ ಒಂದು ಸಲ ಜಂಬಕ್ಕೆ ನ್ಯೂಟ್ರಲ್ ಮಾಡಿ ಗಾಡಿ ಬಿಟ್ಟೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೆರಳ ಗಿಣ್ಣಿಗೆ ಎಂಥ ಏಟು ಹಾಕಿದಿರಿ! “ಗೇರಿಲ್ದಿರೋ ಗಾಡಿ ನಿನ್ ಮಾತು ಕೇಳಲ್ಲ ಕಣ್ಲಾ. ಇಳಿಜಾರು ಶುರುವಾಗೋಕ್ ಮುಂಚೇನೇ ಕೆಳಗಿನ ಗೇರಿಗಾಕು, ಆಮೇಲೆ ಆಕ್ಸಿಲೇಟರಿಂದ ಕಾಲೆತ್ತು. ಇಂಜಿನ್ನೇ ಗಾಡಿನ ಹಿಡ್ಕೊತದೆ. ಅದಕ್ಕೂ ಮೀರಿ ಸ್ಪೀಡ್ ಏರಿದ್ರೆ ಬ್ರೇಕ್ನ ಒಂದ್ಸಲ ಗಟ್ಟಿಯಾಗಿ ಒತ್ತಿ ಬುಟ್ಬುಡು. ಅದರ ಮೇಲೇ ಕಾಲಿಟ್ಕೊಂಡು ಕೂತ್ರೆ ಲೈನಿಂಗ್ ಸುಟ್ಟೋಯ್ತದೆ.” ಇಷ್ಟಕ್ಕೇ ನಿಲ್ಲಿಸಬಾರದಿತ್ತಾ? ಟೀ ಅಂಗಡಿಯ ಮುಂದೆ ಹತ್ತು ಜನರೆದುರು ಕೆನ್ನೆಗೂ ಒಂದು ಬಾರಿಸಿದಿರಿ. ನನಗಾಗ ಇಪ್ಪತ್ತೆರಡು, ಮೀಸೆ ಬಂದಿತ್ತು. ಅವತ್ತಿನಿಂದ ನಿಮ್ಮನ್ನು ಕಂಡರೆ ಮೈ ಉರಿಯುತ್ತಿತ್ತು ಭಾವ. ಸುಳ್ಳು ಯಾಕೆ ಹೇಳಲಿ?

ಸುಬ್ರಹ್ಮಣ್ಯಕ್ಕೆ ಹೊರಟ ಆ ಬೆಳಿಗ್ಗೆ ಮಡಿಕೇರಿ ದಾಟಿದ ಮೇಲೆ ನೀವು ಗಾಡಿ ನಿಲ್ಲಿಸಿ, ಇಳಿದು, ನಾಲ್ಕೂ ಚಕ್ರ ಮುಟ್ಟಿ ನೋಡಿದಿರಿ. ಆಮೇಲೆ ಎರಡನೇ ಗೇರು ಹಾಕಿ ಸಂಪಾಜೆ ಕಡೆಯ ಘಾಟಿ ಇಳಿಸತೊಡಗಿದಿರಿ. ಇಂಜಿನ್ ‘ವೋ’ ಅಂತ ಅರಚಲು ಶುರುಮಾಡಿತು. ಗಾಡಿ ಹೋಗುತ್ತಿದ್ದದ್ದು ಸೈಕಲ್ ವೇಗದಲ್ಲಿ. ಆದರೆ ಹಿಂದೆ ಕೂತವರಿಗೆ ಏನು ಗೊತ್ತು? ಸದ್ದು ಜೋರಾದರೆ ಗಾಡಿ ಜೋರು ಅಂತಲೇ ನಮ್ಮವರ ಲೆಕ್ಕ. ಅವ್ವ ದೇವರ ಹೆಸರು ಹೇಳತೊಡಗಿದಳು. ಚಿಕ್ಕಪ್ಪ, “ಅಳೀಮಯ್ಯಂಗೆ ಟಾಪ್ ಗೇರು ಎಲ್ಲದೆ ಅಂತ ತೋರಿಸ್ರಪ್ಪ” ಅಂತ ನಕ್ಕ. ಅಪ್ಪನಿಗೆ ತನ್ನ ಇಂಜಿನ್ನಿನ ಚಿಂತೆ. “ಸೀಳೋಯ್ತದೆ ಕಣೋ ಅದು! ಮೇಲಿನ ಗೇರಿಗಾಕು!” ಅಂತ ಬಾಗಿಲ ಪಕ್ಕದ ಸೀಟಿನಿಂದ ಕೂಗುತ್ತಲೇ ಇದ್ದರು. ನೀವು ರಸ್ತೆಯಿಂದ ಕಣ್ಣು ತೆಗೆಯದೆ, “ಅರಚ್ಲಿ ಬುಡಿ ಮಾವ, ಅರಚ್ತಾ ಇದ್ರೇನೇ ನಾವು ಬದುಕಿರದು” ಅಂದಿರಿ.

ನಾನು ಕೂತದ್ದು ನಿಮ್ಮಿಬ್ಬರ ಮಧ್ಯೆ, ಇಂಜಿನ್ ಮುಚ್ಚಳದ ಮೇಲೆ. ಕೆಳಗೆ ಕಾವು, ಕಿವಿಯಲ್ಲಿ ಅಪ್ಪನ ಬೈಗುಳ. ಮುಂದೆ ಕಡಿದಾದ ತಿರುವು ಬಂತು. ಒಂದನೇ ಗೇರಿಗೆ ಇಳಿಸಲು ನೀವು ಕ್ಲಚ್ ಒತ್ತಿದಿರಿ. “ಕೀಳ್ಲಾ ಆ ಗೇರ್ನ!” ಅಂತ ಅಪ್ಪ ಅರಚಿದರು. ಕಿತ್ತೆ. ಲಿವರನ್ನು ನಿಮ್ಮ ಕೈಯಿಂದ ಕಿತ್ತು ನ್ಯೂಟ್ರಲ್‌ಗೆ ಎಳೆದು, ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡೆ. ಆ ಸದ್ದಿನಲ್ಲಿ ಹಿಂದೆ ಕೂತವರಿಗೆ ಇದು ಕೇಳಲೂ ಇಲ್ಲ, ಕಾಣಲೂ ಇಲ್ಲ. ಅಪ್ಪ ಹೇಳಿದ್ದಕ್ಕೆ ಕಿತ್ತೆನಾ, ಕೊಪ್ಪದಲ್ಲಿ ಬಿದ್ದ ಏಟಿಗೆ ಕಿತ್ತೆನಾ? ಅರಚಾಟ ನಿಂತಿತು. ಗಾಡಿ ಸದ್ದಿಲ್ಲದೆ ಕೆಳಗೆ ನುಗ್ಗಿತು.

ನಿಮ್ಮ ಮೊಣಕೈ ನನ್ನ ಎದೆಗೆ ಬಿತ್ತು. ಲಿವರ್ ಬಿಡಿಸಿಕೊಂಡು ತಳ್ಳಿದಿರಿ, ಗೇರು ಕರಕರ ಹಲ್ಲು ಕಡಿಯಿತೇ ಹೊರತು ಕೂರಲಿಲ್ಲ. ವೇಗ ಅಷ್ಟು ಏರಿಬಿಟ್ಟಿತ್ತು. ಬ್ರೇಕ್ ತುಳಿದೇ ತುಳಿದಿರಿ. ಸುಟ್ಟ ವಾಸನೆ ಬಂತು, ಆಮೇಲೆ ಪೆಡಲು ನೆಲಕ್ಕೆ ಹೋಯಿತು. ಎಡಗಡೆ ಕಮರಿ. ಬಲಗಡೆಯ ಗುಡ್ಡಕ್ಕೆ ನಿಮ್ಮ ಮಗ್ಗುಲನ್ನೇ ಕೊಟ್ಟು ಉಜ್ಜಿಸಿದಿರಿ ಭಾವ, ನೀವು ಕೂತ ಕಡೆಯನ್ನೇ. ಬಾಗಿಲು ಹರಿಯಿತು, ಗಾಜು ಸಿಡಿಯಿತು, ಗಾಡಿ ಚರಂಡಿಗೆ ಬಿದ್ದು ನಿಂತಿತು. ಒಲೆಯ ಕಟ್ಟೆಗೆ ಬಡಿದು ಅವ್ವನ ಭುಜದ ಮೂಳೆ ಮುರಿಯಿತು. ಎಲ್ಲರಿಗೂ ಗಾಯ, ರಕ್ತ. ಸತ್ತವರು ಒಬ್ಬರೂ ಇಲ್ಲ.

ನೀವು ಕಿಟಕಿಯಿಂದ ತೆವಳಿ ಹೊರಬಂದು, ರಸ್ತೆಯಲ್ಲಿ ಮಂಡಿಯೂರಿ, ನನ್ನ ಕಡೆ ಬೆರಳು ತೋರಿಸಿ ಬಾಯಿ ತೆರೆದಿರಿ. ಮೊದಲ ಏಟು ನನ್ನದು. ವೀಲ್ ಸ್ಪಾನರ್ ಕೈಗೆ ಸಿಕ್ಕಿತ್ತು. ಬಾಯಿಗೇ ಹೊಡೆದೆ. ತಲೆಗಲ್ಲ, ಬೆನ್ನಿಗಲ್ಲ, ಬಾಯಿಗೆ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ದವಡೆ ಮುರಿದ ಸದ್ದು ಕೇಳಿಸಿತು. ಆಮೇಲೆ ಚಿಕ್ಕಪ್ಪ ಒದ್ದ. ದಾರಿಹೋಕರು ಜೀಪು ನಿಲ್ಲಿಸಿ ಇಳಿದು, ಯಾರು ಏನು ಅಂತ ಕೇಳದೆ, ಡ್ರೈವರ್ ಅಂದ ಮಾತ್ರಕ್ಕೇ ತುಳಿದರು. ಅಪ್ಪ ನಿಮ್ಮ ಬಲಗೈ ಮೇಲೆ ಬೂಟುಗಾಲಿಟ್ಟು ನಿಂತು, “ಕುಡ್ದವ್ನೆ ನನ್ಮಗ! ಕುಡ್ದು ಓಡಿಸವ್ನೆ!” ಅಂತ ಊರಿಗೆಲ್ಲ ಕೇಳುವಂತೆ ಕೂಗಿದರು. ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಿಮ್ಮ ಹೆಂಡತಿ ಜಯಕ್ಕ, “ಬುಡ್ರೋ, ಸತ್ತೋಯ್ತಾರೆ ಬುಡ್ರೋ” ಅಂತ ಅಲ್ಲಿಂದಲೇ ಬಡಿದುಕೊಳ್ಳುತ್ತಿದ್ದಳು. ನಾನು ಬಿಡಲಿಲ್ಲ, ಇನ್ನೂ ಎರಡು ಏಟು ಹಾಕಿದೆ.

ಆಸ್ಪತ್ರೆಯಲ್ಲಿ ಹಲ್ಲಿಗೆ ತಂತಿ ಕಟ್ಟಿ ಮಲಗಿಸಿದ್ದಾಗ ಒಬ್ಬನೇ ಬಂದಿದ್ದೆ. ಕ್ಷಮೆ ಕೇಳಲು ಅಂದುಕೊಂಡಿರಾ? ಅಲ್ಲ, ನೀವು ಅಕ್ಕನಿಗೆ ಹೇಳಿಬಿಟ್ಟಿರೋ ಏನೋ ಅಂತ ತಿಳಿಯಲು ಬಂದಿದ್ದೆ. ನೀವು ಹಲ್ಲು ಕಚ್ಚಿಕೊಂಡೇ ತೊದಲಿದಿರಿ, “ಹೇಳಲ್ಲ ಓಗು. ನಿಮ್ಮಕ್ಕಂಗೆ ತವರು ಅಂತ ಒಂದಿರ್ಬೇಕಲ್ಲ.” ಥೂ ನನ್ನ ಜನ್ಮಕ್ಕೆ! ಆ ಮಾತು ಕೇಳಿ ಹಗುರಾಗಿ ಮನೆಗೆ ಹೋಗಿ ಉಂಡೆ. ಅಪ್ಪ ಪಿರಿಯಾಪಟ್ಟಣ, ಹುಣಸೂರು, ಕೋಟೆ ಅಂತ ಯಾವ ಲಾರಿ ಮಾಲೀಕನನ್ನೂ ಬಿಡದೆ ‘ಕುಡುಕ’ ಅಂತ ಹೇಳಿ ಬಂದರು. ಅಪ್ಪನ ಬೂಟಿಗೆ ಮುರಿದ ನಿಮ್ಮ ಕೈ ಕೂಡಿತು, ಆದರೆ ಎಂಟು ವರ್ಷ ಯಾರೂ ನಿಮ್ಮ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಕಂಡವರ ಬ್ಯಾರನ್‌ಗೆ ಸೌದೆ ಒಟ್ಟಿ ಒಟ್ಟಿಯೇ ಎದೆ ಕೆಟ್ಟು ಹೋದಿರಿ. ನಾನು? ಶುಂಠಿ ಲಾರಿ ಓಡಿಸಿದೆ. ಕೇರಳದ ಘಾಟಿಯನ್ನು ಎಷ್ಟು ಸಲ ಇಳಿದೆನೋ, ಎಲ್ಲ ಸಲವೂ ಎರಡನೇ ಗೇರಿನಲ್ಲಿ…

ತಿಥಿಯ ದಿನ ಪಂಕ್ತಿಯಲ್ಲಿ ಚಿಕ್ಕಪ್ಪ ಮುದ್ದೆ ಮುರಿಯುತ್ತಾ, “ಒಳ್ಳೆ ಡ್ರೈವರ್ರೇ, ಕುಡ್ದು ಆಳಾದ” ಅಂದ. ಜಯಕ್ಕ ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ನನಗೆ ಏನಾಯಿತೋ, ಎಲೆ ಬಿಟ್ಟು ಎದ್ದೆ. “ಭಾವ ಕುಡ್ದಿರ್ಲಿಲ್ಲ. ಗೇರ್ ಕಿತ್ತವ್ನು ನಾನು. ಬಾಯಿಗೆ ಒಡ್ದಿದ್ದೂ ಅದಕ್ಕೇ” ಅಂದೆ. “ಕೂತ್ಕೊಳ್ಲಾ ಬಾಯ್ಮುಚ್ಕೊಂಡು!” ಅಂತ ಅಪ್ಪ ದೊಣ್ಣೆ ಎತ್ತಿದರು. “ಕೀಳು ಅಂದವ್ರು ನೀವು” ಅಂತ ದೊಣ್ಣೆ ಹಿಡಿದು ಕಿತ್ತುಕೊಂಡೆ. ಅಪ್ಪ ಹಿಂದಕ್ಕೆ ಬಿದ್ದರು. ನಾನು ಎತ್ತಲು ಹೋಗಲಿಲ್ಲ, ಯಾರೂ ಹೋಗಲಿಲ್ಲ.

ಅಕ್ಕ ಸಾರಿನ ಬಕೆಟ್ ಕೆಳಗಿಟ್ಟು, ಅಂಗಳಕ್ಕೆ ಹೋಗಿ ಚಪ್ಪಲಿ ತಂದಳು. ಹೊಡೆದಳು ಭಾವ. ಮುಖಕ್ಕೆ, ಕತ್ತಿಗೆ, ಕೈ ಸೋಲುವವರೆಗೂ ಹೊಡೆದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. “ಅವ್ರಿಗೆ ಉಸಿರಿದ್ದಾಗ ಏಳಕ್ಕೆ ಏನ್ ಬಂದಿತ್ಲಾ ನಿಂಗೆ? ಸ್ಟೇರಿಂಗ್ ಇಡ್ಕೊಂಡು ಸಾಯೋರು, ಸೌದೆ ಇಡ್ಕೊಂಡು ಸತ್ರಲ್ಲೋ” ಅಂದಳು. ಆಮೇಲೆ ಚಪ್ಪಲಿ ಬಿಸಾಡಿ, “ಇಲ್ಲಿ ಉಣ್ಣಕ್ ಬಂದೋರಿಗೆ ಏಳಿ ಏನಾಗ್ಬೇಕು? ಸ್ಟ್ಯಾಂಡಿಗೋಗಿ ಏಳು. ಅವ್ರ ಮಾನ ಓಗಿರದು ಅಲ್ಲಿ” ಅಂದಳು.

ನೆನ್ನೆ ಹೋದೆ. ಇಪ್ಪತ್ತು ಮೂವತ್ತು ಜನ ಡ್ರೈವರುಗಳು ಟೀ ಕುಡಿಯುತ್ತಾ ನಿಂತಿದ್ದರು. ಒಂದೂ ಬಿಡದೆ ಹೇಳಿದೆ, ಸ್ಪಾನರ್ ಸಮೇತ. ಆಮೇಲೆ ನಿಮ್ಮ ಜೊತೆ ಲಾರಿ ಓಡಿಸುತ್ತಿದ್ದವನೊಬ್ಬ ಗ್ಲಾಸು ಇಟ್ಟು ಬಂದು ತುಟಿಗೇ ಗುದ್ದಿದ. ನಾಲ್ಕೈದು ಜನ ಮೇಲೆ ಬಿದ್ದರು. ನಾನು ಕೈ ಅಡ್ಡ ಹಿಡಿಯಲಿಲ್ಲ. ನೀವೂ ಹಿಡಿದಿರಲಿಲ್ಲವಲ್ಲ, ಹಿಡಿಯಲು ಅಪ್ಪ ಬಿಟ್ಟಿರಲಿಲ್ಲ. ಕೊನೆಗೆ ಒಬ್ಬ ಮುದುಕ ಡ್ರೈವರ್ ಅವರನ್ನು ಪಕ್ಕಕ್ಕೆ ತಳ್ಳಿ, ನನ್ನ ಕಾಲರ್ ಹಿಡಿದು ಎತ್ತಿ ನಿಲ್ಲಿಸಿದ.

“ನೀನು ಕೀಳೋಗಂಟ ಯಾವ್ ಗೇರಲ್ಲಿದ್ದ?”

“ಎರಡನೇದ್ರಲ್ಲಿ. ಒಂದಕ್ಕೆ ಇಳಿಸ್ತಿದ್ರು.”

“ಬ್ರೇಕು?”

“ಒತ್ತಿ ಬುಡ್ತಿದ್ರು. ಕಾಲ್ ಇಟ್ಕೊಂಡಿರ್ಲಿಲ್ಲ.”

ಮುದುಕ ನನ್ನ ಕಾಲರ್ ಬಿಟ್ಟ. ಎಲ್ಲರ ಕಡೆ ತಿರುಗಿ, “ಪುಟ್ರಾಜ ಸರಿಯಾಗೇ ಇಳಿಸ್ತಿದ್ದ ಕಣ್ರಲಾ” ಅಂದ.

ಸ್ಟ್ಯಾಂಡಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು ಭಾವ.

ಮಾದೇವ