ಟ್ರೇ ಹಿಡಿದು ಬರುವವಳ ಮುಖ

ಮಾರ್ಚ್ ೧೧, ಬುಧವಾರ

ನಾಳೆ ನನ್ನದೇ ಆಪರೇಷನ್. ಗರ್ಭಕೋಶದ ಗಡ್ಡೆ, ಕ್ಯಾನ್ಸರ್ ಅಲ್ಲ. ಆದರೂ "ಸೂಜಿ ಇರುವೆ ಕಚ್ಚಿದ ಹಾಗಷ್ಟೇ ಕಣಮ್ಮ" ಎಂದು ಊರಿಗೆಲ್ಲ ಧೈರ್ಯ ಹೇಳುವ ಈ ಥಿಯೇಟರ್ ನರ್ಸಿನ ಬಾಯಿ ಒಣಗಿಹೋಗಿದೆ.

ತೆಗೆದ ಗಡ್ಡೆಯನ್ನು ಟ್ರೇಯಲ್ಲಿಟ್ಟು ಬಾಗಿಲಲ್ಲಿ ಕಾಯುವ ಮನೆಯವರಿಗೆ ತೋರಿಸುವುದು ನಮ್ಮ ರೂಢಿ. ರಕ್ತ ನಿಲ್ಲದಿದ್ದರೆ ಅದರ ಜೊತೆ ಗರ್ಭಕೋಶವೂ ಬರುತ್ತದೆ. ನಮಗಿನ್ನೂ ಮಕ್ಕಳಾಗಿಲ್ಲ.

"ಅದ್ರಲ್ಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ? ರಕ್ತ ಕಂಡ್ರೇನೇ ತಲೆ ಸುತ್ತುತ್ತೆ," ಎಂದರು ಯಜಮಾನರು.

"ಟ್ರೇ ನೋಡ್ಬೇಡಿ. ತರೋಳು ನನ್ನ ಗೆಳತಿ. ಅವಳ ಮುಖ ನೋಡಿ, ಸಾಕು," ಎಂದೆ.

ಪಾಪ, ನಂಬಿ ಮಲಗಿಬಿಟ್ಟರು.

ಒಳ್ಳೆಯ ಸುದ್ದಿಯಿದ್ದರೆ ನಾವು ಮಾಸ್ಕ್ ಕೆಳಗಿಳಿಸಿಕೊಂಡೇ ಬಾಗಿಲು ತೆರೆಯುತ್ತೇವೆ. ಇಲ್ಲದಿದ್ದರೆ ಅವರಿಗೆ ನೋಡಲು ಮುಖವೇ ಇರುವುದಿಲ್ಲ.